ಯಾರು ಬಳಸಿದರು ಎಂಬ ಲೆಕ್ಕ

ಜಗತ್ತಿನ ಮೊದಲ ವೆಬ್ ಸರ್ವರ್ ತನ್ನ ಸುತ್ತಲಿನ ಜನರಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಫೋನ್ ನಂಬರ್ ಹುಡುಕಿಕೊಡುವುದರಿಂದ. ವೆಬ್‌ನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಇದನ್ನೊಂದು ತಮಾಷೆಯ ಸಂಗತಿ ಎಂಬಂತೆ ಹೇಳಿ ಮುಂದೆ ಹೋಗಿಬಿಡುತ್ತಾರೆ. ನನಗೆ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕೆನ್ನಿಸುತ್ತದೆ. ಇವತ್ತು ಸಣ್ಣ ದೊಡ್ಡ ಕಂಪನಿಗಳೆಲ್ಲ ತಮ್ಮ ನೌಕರರಿಗಾಗಿ ಪೋರ್ಟಲ್ ಕಟ್ಟಿಸಿಕೊಂಡಿವೆ. ಅದನ್ನು ಯಾರೂ ನೋಡುವುದಿಲ್ಲ ಎಂಬ ಗೋಳೂ ಅಷ್ಟೇ ಸಾಮಾನ್ಯ. ನೋಡುವಂತೆ ಮಾಡುವುದು ಹೇಗೆ ಎಂದು ಮೀಟಿಂಗುಗಳು ನಡೆಯುತ್ತವೆ, ನೋಡಿದರೋ ಇಲ್ಲವೋ ಎಂದು ಅಳೆಯುವ ಪಟ್ಟಿಗಳು ತಯಾರಾಗುತ್ತವೆ. ಇದೆಲ್ಲದರ ಮೊದಲ ಅಧ್ಯಾಯ ಆ ಫೋನ್ ಪುಸ್ತಕದಲ್ಲಿದೆ.

ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯಲ್ಲಿ, ಜಿನೀವಾದ ಪಕ್ಕದಲ್ಲಿರುವ ಸರ್ನ್ ಭೌತವಿಜ್ಞಾನದ ಸಂಶೋಧನಾ ಸಂಸ್ಥೆ, ಕಂಪನಿಯಲ್ಲ. ಆದರೆ 1980ರ ದಶಕದಲ್ಲಿ ಅದರ ಕಷ್ಟ ಮಾತ್ರ ಯಾವುದೇ ದೊಡ್ಡ ಕಂಪನಿಯ ಕಷ್ಟದಂತೆಯೇ ಇತ್ತು. ಅಲ್ಲಿ ಸಾವಿರಾರು ಜನ ಕೆಲಸ ಮಾಡುತ್ತಿದ್ದರು. ಹೆಚ್ಚಿನವರು ಹೊರಗಿನಿಂದ ಬಂದವರು. ಎರಡು ವರ್ಷ ಇದ್ದು ತಮ್ಮ ಊರಿಗೆ, ತಮ್ಮ ವಿಶ್ವವಿದ್ಯಾಲಯಕ್ಕೆ ಮರಳುವವರೇ ಬಹಳ. ಅವರು ಹೋಗುವಾಗ ಅವರ ತಲೆಯಲ್ಲಿದ್ದದ್ದೂ ಅವರ ಜೊತೆಗೇ ಹೋಗುತ್ತಿತ್ತು. ಈ ಯಂತ್ರವನ್ನು ಹೀಗೇಕೆ ಜೋಡಿಸಿದರು, ಈ ಪ್ರೋಗ್ರಾಮು ಬರೆದವರು ಯಾರು, ಈ ದಾಖಲೆ ಎಲ್ಲಿದೆ ಎಂದು ಕೇಳಿದರೆ ಕಾರಿಡಾರಿನಲ್ಲಿ ನಿಂತು ನಾಲ್ಕು ಜನರನ್ನು ವಿಚಾರಿಸಬೇಕು. 1989ರ ಮಾರ್ಚ್‌ನಲ್ಲಿ ಟಿಮ್ ಬರ್ನರ್ಸ್-ಲೀ ತನ್ನ ಮೇಲಧಿಕಾರಿ ಮೈಕ್ ಸೆಂಡಾಲ್‌ಗೆ ಕೊಟ್ಟ ಟಿಪ್ಪಣಿ ಈ ಸಮಸ್ಯೆಯ ಕುರಿತಾದದ್ದು. ಸೆಂಡಾಲ್ ಅದರ ಮೇಲೆ, ಇದು ಅಸ್ಪಷ್ಟವಾಗಿದೆ ಆದರೆ ರೋಚಕವಾಗಿದೆ ಎಂಬರ್ಥದ ಎರಡು ಮೂರು ಪದ ಗೀಚಿದ್ದು ಈಗ ಪ್ರಸಿದ್ಧ. ಗೀಚಿದ್ದಷ್ಟೇ ಪ್ರಸಿದ್ಧವಾಗಿದೆ, ಟಿಪ್ಪಣಿಯನ್ನು ಓದುವವರು ಕಡಿಮೆ.

ಓದಿದರೆ ಗೊತ್ತಾಗುತ್ತದೆ, ಅದು ಜಗತ್ತನ್ನೆಲ್ಲ ಜೋಡಿಸುವ ಕನಸಿನ ಪ್ರಣಾಳಿಕೆಯಲ್ಲ. ಒಂದು ಸಂಸ್ಥೆಯ ಒಳಗಿನ ಮಾಹಿತಿ ಕಳೆದುಹೋಗದ ಹಾಗೆ ನೋಡಿಕೊಳ್ಳುವುದು ಹೇಗೆ ಎಂಬ ಆಫೀಸು ಕಾಗದ. ಇರುವ ವ್ಯವಸ್ಥೆಗಳು ಏಕೆ ಸೋತವು ಎಂಬ ಪರಿಶೀಲನೆಯೂ ಅದರಲ್ಲಿದೆ. ಮರದ ಕೊಂಬೆಗಳ ಹಾಗೆ ವಿಂಗಡಿಸಿದ ದಾಖಲೆಗಳ ಕೋಠಿಯಲ್ಲಿ, ಬೇಕಾದದ್ದು ಯಾವ ಕೊಂಬೆಯಲ್ಲಿದೆ ಎಂದು ಮೊದಲೇ ತಿಳಿದವನಿಗೆ ಮಾತ್ರ ಅದು ಸಿಗುತ್ತದೆ. ಸೂಚಕ ಪದಗಳನ್ನು ನಂಬೋಣವೆಂದರೆ, ಒಂದೇ ವಿಷಯಕ್ಕೆ ಇಬ್ಬರು ಒಂದೇ ಪದವನ್ನು ಆರಿಸುವುದಿಲ್ಲ. ಆಮೇಲೆ ಅವನು ಹೇಳುವ ಮಾತು ನನ್ನ ಮಟ್ಟಿಗೆ ಇಡೀ ಟಿಪ್ಪಣಿಯ ತಿರುಳು: ವ್ಯವಸ್ಥೆ ಬಳಸಲು ಹಿತವಾಗಿರಬೇಕು, ಜನ ಬಳಸಿದ ಹಾಗೆಲ್ಲ ಅದರಲ್ಲಿ ಮಾಹಿತಿ ತುಂಬಬೇಕು, ತುಂಬುತ್ತ ತುಂಬುತ್ತ ಒಂದು ಮಟ್ಟವನ್ನು ದಾಟಿದರೆ ಆಮೇಲೆ ಅದರ ಉಪಯುಕ್ತತೆಯೇ ಬಳಕೆಯನ್ನು ಹೆಚ್ಚಿಸುತ್ತದೆ. ಆ ಮಟ್ಟವನ್ನು ಬೇಗ ದಾಟಲು ಒಂದು ದಾರಿಯನ್ನೂ ಅವನು ಸೂಚಿಸುತ್ತಾನೆ. ಹೊಸದಾಗಿ ಬರೆದು ತುಂಬಿಸುತ್ತ ಕೂರಬೇಡಿ, ಈಗಾಗಲೇ ಇರುವ ದೊಡ್ಡ ದೊಡ್ಡ ಮಾಹಿತಿ ಕೋಶಗಳನ್ನು ಇದಕ್ಕೆ ಜೋಡಿಸಿ.

ಬಳಕೆಯನ್ನು ಉತ್ತೇಜಿಸುವ ಯೋಜನೆ ಎಂದರೆ ಇದೇ. ಪ್ರೋಗ್ರಾಮಿನ ಒಂದು ಸಾಲನ್ನೂ ಬರೆಯುವ ಮೊದಲೇ ಬರೆದಿಟ್ಟದ್ದು.

ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು. 1990ರ ಕ್ರಿಸ್‌ಮಸ್ ಹೊತ್ತಿಗೆ ಬ್ರೌಸರ್ ಮತ್ತು ಸರ್ವರ್ ಎರಡೂ ಕೆಲಸ ಮಾಡುತ್ತಿದ್ದವು. ಆದರೆ ಅವು ಓಡುತ್ತಿದ್ದದ್ದು ನೆಕ್ಸ್ಟ್ ಎಂಬ ದುಬಾರಿ ಕಂಪ್ಯೂಟರಿನಲ್ಲಿ. ಸರ್ನ್‌ನಲ್ಲಿ ಅದನ್ನು ಇಟ್ಟುಕೊಂಡವರು ಬೆರಳೆಣಿಕೆಯಷ್ಟು ಮಂದಿ. ಉಳಿದವರಿಗೆ ಇದು ಯಾಕೆ ಬೇಕು? ಅವರಿಗೆ ತಮ್ಮ ಪ್ರಯೋಗಗಳಿದ್ದವು, ತಮ್ಮದೇ ಅಭ್ಯಾಸಗಳಿದ್ದವು. ಇಲ್ಲಿ ಎರಡು ಕೆಲಸಗಳು ನಡೆದವು. ನಿಕೋಲಾ ಪೆಲ್ಲೋ ಎಂಬ ಇಂಗ್ಲೆಂಡಿನ ಗಣಿತದ ವಿದ್ಯಾರ್ಥಿನಿ ಯಾವ ಸಾಧಾರಣ ಟರ್ಮಿನಲ್‌ನಲ್ಲೂ ಓಡುವಂಥ ಬ್ರೌಸರ್ ಬರೆದಳು. ಚಿತ್ರವಿಲ್ಲ, ಮೌಸ್ ಇಲ್ಲ. ಕೊಂಡಿಗಳಿಗೆ ನಂಬರ್ ಇರುತ್ತಿತ್ತು, ನಂಬರ್ ಒತ್ತಿ ಮುಂದೆ ಹೋಗಬೇಕು. ನೋಡಲು ಏನೇನೂ ಚಂದವಿಲ್ಲದ ಈ ಬ್ರೌಸರ್ ಎಲ್ಲರ ಮೇಜಿನ ಮೇಲೂ ಓಡುತ್ತಿತ್ತು. ಎರಡನೆಯದು ಫೋನ್ ಪುಸ್ತಕ. ಸರ್ನ್‌ನ ದೂರವಾಣಿ ಪಟ್ಟಿ ಕೇಂದ್ರದ ಮೇನ್‌ಫ್ರೇಮ್ ಯಂತ್ರದಲ್ಲಿತ್ತು. ಬಹಳ ಮಂದಿ ತಮ್ಮ ಕಂಪ್ಯೂಟರಿನ ಒಂದು ಕಿಟಕಿಯಲ್ಲಿ ಇಡೀ ದಿನ ಮೇನ್‌ಫ್ರೇಮ್‌ಗೆ ಲಾಗಿನ್ ಆಗಿಯೇ ಇರುತ್ತಿದ್ದರು. ಅದೂ ನಡುನಡುವೆ ಯಾರದೋ ನಂಬರ್ ನೋಡಬೇಕಲ್ಲ ಎಂಬ ಒಂದೇ ಕಾರಣಕ್ಕೆ. ಆ ಮಾಹಿತಿಯ ಉಸ್ತುವಾರಿ ಬರ್ನ್ಡ್ ಪೋಲರ್‌ಮನ್ ಎಂಬವನದು. ಅವನು ಅದನ್ನು ವೆಬ್ ಮೂಲಕ ಸಿಗುವಂತೆ ಮಾಡಿದ. 1991ರಲ್ಲಿ ಸರ್ನ್‌ನ ಜನ ವೆಬ್‌ಗೆ ಬಂದದ್ದು ಇದಕ್ಕಾಗಿ. ವೆಬ್ ಎಂದರೆ ಒಂದು ವಿಚಿತ್ರ ಫೋನ್ ಪುಸ್ತಕದ ಪ್ರೋಗ್ರಾಮು, ಅಷ್ಟೇ ಎಂದು ತಿಳಿದವರೂ ಇದ್ದರಂತೆ.

ಈ ಘಟನೆಯಲ್ಲಿ ಯಾರೂ ಯಾರಿಗೂ ಸುತ್ತೋಲೆ ಕಳಿಸಲಿಲ್ಲ ಎಂಬುದನ್ನು ಗಮನಿಸಬೇಕು. ಜನ ದಿನಕ್ಕೆ ಹತ್ತು ಸಲ ಬೇಸರದಿಂದ ಮಾಡುತ್ತಿದ್ದ ಒಂದು ಕೆಲಸದಲ್ಲಿ ಒಂದು ಹೆಜ್ಜೆ ಕಡಿಮೆಯಾಯಿತು. ಅದೇ ಆಮಂತ್ರಣವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಮೊದಲ ವೆಬ್ ಸರ್ವರ್ ಸ್ಟ್ಯಾನ್‌ಫರ್ಡ್‌ನ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಶುರುವಾದಾಗಲೂ ಕಥೆ ಇಂಥದ್ದೇ. ಭೌತವಿಜ್ಞಾನಿ ಪಾಲ್ ಕುಂಜ್ ಸರ್ನ್‌ನಿಂದ ಈ ಸುದ್ದಿಯನ್ನು ಹೊತ್ತು ತಂದ. ಆದರೆ ಇದು ನಮಗೆ ಬೇಕೇ ಬೇಕು ಎಂದು ಹಿಡಿದುಕೊಂಡವಳು ಅಲ್ಲಿನ ಗ್ರಂಥಪಾಲಕಿ ಲೂಯಿಸ್ ಆಡಿಸ್. ಮೇನ್‌ಫ್ರೇಮಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಸ್ಪೈರ್ಸ್ ಎಂಬ ಲೇಖನಸೂಚಿಯನ್ನು ಹೊರಗಿನ ಓದುಗರಿಗೆ ಮುಟ್ಟಿಸಲು ಅವಳಿಗೆ ಒಂದು ದಾರಿ ಬೇಕಿತ್ತು.

ಗ್ರಂಥಪಾಲಕಿಯ ಮಾತು ಬಂದದ್ದರಿಂದ ನಮ್ಮ ಕಡೆಯ ಒಬ್ಬ ಗ್ರಂಥಪಾಲಕರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಶಿಯಾಳಿ ರಾಮಾಮೃತ ರಂಗನಾಥನ್ ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅವರಿಗೆ ಆ ಕೆಲಸ ಎಷ್ಟು ಬೇಸರ ತಂದಿತೆಂದರೆ, ಕೆಲವೇ ದಿನಗಳಲ್ಲಿ ತಮ್ಮನ್ನು ಪಾಠ ಮಾಡಲು ಹಿಂದಕ್ಕೆ ಕರೆಸಿಕೊಳ್ಳಿ ಎಂದು ಕೇಳಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಕಲಿತು ಬನ್ನಿ, ಆಮೇಲೆ ನೋಡೋಣ ಎಂಬ ಉತ್ತರ ಬಂತು. ಹೋದರು, ಇಂಗ್ಲೆಂಡಿನ ಗ್ರಂಥಾಲಯಗಳನ್ನು ಸುತ್ತಿದರು, ಮರಳಿ ಬಂದ ಮೇಲೆ ಮತ್ತೆ ಪಾಠದ ಕಡೆ ತಿರುಗಲಿಲ್ಲ. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳು ಇವತ್ತಿಗೂ ಲೈಬ್ರರಿ ಸೈನ್ಸ್ ವಿದ್ಯಾರ್ಥಿಗಳಿಗೆ ಬಾಯಿಪಾಠ. ಪುಸ್ತಕಗಳಿರುವುದು ಬಳಕೆಗಾಗಿ ಎನ್ನುವುದು ಮೊದಲನೆಯದು. ಕೇಳಲು ಸವಕಲು ಮಾತು. ಆದರೆ ಪುಸ್ತಕವನ್ನು ಕಪಾಟಿಗೆ ಸರಪಳಿಯಿಂದ ಬಿಗಿದಿಡುತ್ತಿದ್ದ ಕಾಲದಿಂದ ಹಿಡಿದು, ಲೈಬ್ರರಿ ಊರಿನ ಯಾವ ಭಾಗದಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಕಪಾಟು ಎಷ್ಟು ಎತ್ತರ ಇರಬೇಕು ಎಂಬವರೆಗೆ ಎಲ್ಲವನ್ನೂ ಅವರು ಈ ಒಂದು ಮಾತಿನಿಂದ ಹೊರಡಿಸುತ್ತಾರೆ. ಓದುಗರು ಬರುತ್ತಿಲ್ಲ ಎಂದರೆ ಓದುಗರ ಆಲಸ್ಯವನ್ನು ದೂರುವ ಮೊದಲು ಬಾಗಿಲು ಎಲ್ಲಿದೆ, ಅದು ತೆರೆದಿರುತ್ತದೆಯೇ ಎಂದು ನೋಡಬೇಕೆಂಬ ದೃಷ್ಟಿ ಅದು. ನಾಲ್ಕನೆಯ ಸೂತ್ರ ಓದುಗನ ಸಮಯವನ್ನು ಉಳಿಸಬೇಕೆನ್ನುತ್ತದೆ. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಇಲ್ಲಿಯೇ ಡಿಆರ್‌ಟಿಸಿ ಎಂಬ ದಾಖಲಾತಿ ಸಂಶೋಧನಾ ಕೇಂದ್ರವನ್ನು ಕಟ್ಟಿದರು, ಅದೂ ಎಣಿಕೆಯೇ ಕಸುಬಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಅಂಗವಾಗಿ. 1972ರಲ್ಲಿ ಇಲ್ಲೇ ತೀರಿಕೊಂಡರು.

ಆ ನಾಲ್ಕನೆಯ ಸೂತ್ರವನ್ನು ನೆನಪಿಟ್ಟುಕೊಂಡರೆ ವೆಬ್ ಎಣಿಕೆಯ ಚರಿತ್ರೆಯಲ್ಲಿ ಏನು ತಪ್ಪಿತು ಎಂಬುದು ಬೇಗ ಕಾಣುತ್ತದೆ.

ಬರ್ನರ್ಸ್-ಲೀ ತನ್ನ ಸರ್ವರ್‌ಗೆ ದಿನಕ್ಕೆ ಎಷ್ಟು ಕೋರಿಕೆಗಳು ಬಂದವು ಎಂದು ಲೆಕ್ಕ ಇಡುತ್ತಿದ್ದ. 1991ರ ಬೇಸಿಗೆಯಿಂದ 1994ರ ಬೇಸಿಗೆಯ ತನಕ ಅದು ವರ್ಷ ವರ್ಷಕ್ಕೆ ಸುಮಾರು 10 ಪಟ್ಟು ಏರುತ್ತ ಮೂರು ವರ್ಷದಲ್ಲಿ 1,000 ಪಟ್ಟಾಯಿತು. ಆ ಎಣಿಕೆಗೆ ಆಗ ಒಂದು ಮರ್ಯಾದೆ ಇತ್ತು. ಪುಟಗಳೆಲ್ಲ ಬರೀ ಅಕ್ಷರ. ಒಬ್ಬರು ಒಂದು ಪುಟ ಕೇಳಿದರೆ ಸರ್ವರ್‌ಗೆ ಒಂದು ಕೋರಿಕೆ. 1993ರಲ್ಲಿ ಮೊಸಾಯಿಕ್ ಬ್ರೌಸರ್ ಬಂದು ಪುಟದೊಳಗೆ ಚಿತ್ರಗಳನ್ನು ಕೂರಿಸಿತು. ಅಲ್ಲಿಂದ ಎಣಿಕೆ ಕೆಟ್ಟಿತು. ಪುಟದಲ್ಲಿ ಹತ್ತು ಸಣ್ಣ ಚಿತ್ರಗಳಿದ್ದರೆ ಒಬ್ಬ ಓದುಗ ಒಮ್ಮೆ ನೋಡಿದಾಗ ಹನ್ನೊಂದು ಕೋರಿಕೆ, ಅಂದರೆ ಹನ್ನೊಂದು ‘ಹಿಟ್’. ಹಿಟ್ ಹೆಚ್ಚಿಸಬೇಕೇ? ಚಿತ್ರ ಸೇರಿಸಿ. 1990ರ ದಶಕದ ನಡುವಿನಲ್ಲಿ ‘ನಮ್ಮ ತಾಣಕ್ಕೆ ಇಷ್ಟು ಲಕ್ಷ ಹಿಟ್’ ಎಂದು ಹೇಳಿಕೊಳ್ಳುವುದು ವಾಡಿಕೆಯಾಗಿತ್ತು. ಓದುಗರ ಸಂಖ್ಯೆಗೂ ಅದಕ್ಕೂ ನೇರ ಸಂಬಂಧವೇನೂ ಇರಲಿಲ್ಲ.

ಸರ್ವರ್ ಬರೆದಿಡುವ ದಿನಚರಿಗೆ ಲಾಗ್ ಎನ್ನುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳು ಒಮ್ಮೆಯಾದರೂ ಅದರ ನಾಲ್ಕು ಸಾಲುಗಳನ್ನು ಓದಿ ನೋಡಬೇಕು. ಶಾನುಭೋಗರ ಲೆಕ್ಕದ ಪುಸ್ತಕದಂಥ ಶಿಸ್ತಿನ ಬರವಣಿಗೆ ಅದು. ಯಾವ ಯಂತ್ರದಿಂದ ಕೋರಿಕೆ ಬಂತು, ಎಷ್ಟು ಹೊತ್ತಿಗೆ ಬಂತು, ಏನನ್ನು ಕೇಳಿದರು, ಕೊಟ್ಟೆನೋ ಇಲ್ಲವೋ, ಕೊಟ್ಟದ್ದು ಎಷ್ಟು ದೊಡ್ಡದು. ಇಷ್ಟೇ. ಕೇಳಿದವರು ಓದಿದರೋ, ಓದಿ ಅರ್ಥ ಮಾಡಿಕೊಂಡರೋ, ಬೇಕಾದದ್ದು ಸಿಗದೆ ಬೈದುಕೊಂಡು ಹೋದರೋ, ಅದೊಂದೂ ಅಲ್ಲಿಲ್ಲ. ಒಂದು ಯಂತ್ರದ ಹಿಂದೆ ಒಬ್ಬರಿರಬಹುದು, ಇಡೀ ಕಾಲೇಜೇ ಇರಬಹುದು. ಪುಟದ ಪ್ರತಿಯನ್ನು ನಡುದಾರಿಯಲ್ಲಿ ಇಟ್ಟುಕೊಂಡು ಹಂಚುವ ಪ್ರಾಕ್ಸಿ ಯಂತ್ರಗಳು ಬಂದ ಮೇಲಂತೂ ಇನ್ನೊಂದು ವಿಚಿತ್ರ ನಡೆಯಿತು. ಬಹಳ ಜನ ಕೇಳುವ ಪುಟ ನಡುದಾರಿಯಲ್ಲೇ ಸಿಕ್ಕಿಬಿಡುವುದರಿಂದ ಆ ಓದಿನಲ್ಲಿ ಎಷ್ಟೋ ಪಾಲು ಮೂಲ ಸರ್ವರ್‌ಗೆ ಗೊತ್ತೇ ಆಗುವುದಿಲ್ಲ. ಜನಪ್ರಿಯತೆಯೇ ಎಣಿಕೆಯನ್ನು ತಗ್ಗಿಸಿತು. ಬಂದವರನ್ನು ಗುರುತಿಟ್ಟುಕೊಳ್ಳಲು 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕಿಯನ್ನು ಕಂಡುಹಿಡಿದ. ಅಲ್ಲಿಂದ ಮುಂದಿನ ಕಥೆ, ಅಂದರೆ ಜಾಹೀರಾತಿನ ಕಥೆ, ಎಲ್ಲರಿಗೂ ಗೊತ್ತಿರುವುದೇ.

ಕಂಪನಿಯೊಳಗಿನ ಪೋರ್ಟಲ್‌ಗೆ ಈ ತೊಂದರೆಗಳಲ್ಲಿ ಅರ್ಧದಷ್ಟು ಇಲ್ಲ. ಅಲ್ಲಿ ಎಲ್ಲರೂ ಹೆಸರು, ಪಾಸ್‌ವರ್ಡ್ ಕೊಟ್ಟೇ ಒಳಗೆ ಬರಬೇಕು. ಯಾರು ಬಂದರು, ಯಾವಾಗ ಬಂದರು, ಎಷ್ಟು ಹೊತ್ತಿದ್ದರು ಎಲ್ಲವೂ ಗೊತ್ತು. 1998ರಲ್ಲಿ ಮೆರಿಲ್ ಲಿಂಚ್ ಎಂಬ ಹಣಕಾಸು ಸಂಸ್ಥೆಯ ವರದಿಯೊಂದು ‘ಎಂಟರ್‌ಪ್ರೈಸ್ ಇನ್ಫರ್ಮೇಶನ್ ಪೋರ್ಟಲ್’ ಎಂಬ ಹೆಸರನ್ನು ಚಲಾವಣೆಗೆ ತಂದ ಮೇಲೆ ಇವುಗಳ ಮಾರುಕಟ್ಟೆಯೇ ಎದ್ದುನಿಂತಿತು. ಕೊಂಡವರಿಗೆ ಹಾಕಿದ ದುಡ್ಡು ವಸೂಲಾಯಿತೆಂದು ತೋರಿಸಬೇಕಿತ್ತು. ಹೊರಗಿನ ವೆಬ್ಬಿನ ಅಳತೆಗೋಲುಗಳನ್ನೇ ಒಳಗೂ ತಂದರು: ಎಷ್ಟು ಭೇಟಿ, ಎಷ್ಟು ಪುಟ, ಎಷ್ಟು ನಿಮಿಷ. ಪತ್ರಿಕೆಯ ತಾಣಕ್ಕೆ ಓದುಗ ಹೆಚ್ಚು ಹೊತ್ತು ನಿಂತರೆ ಲಾಭ. ರಜೆಯ ನಿಯಮ ಹುಡುಕಲು ಬಂದ ಗುಮಾಸ್ತ ಪೋರ್ಟಲ್‌ನಲ್ಲಿ ಇಪ್ಪತ್ತು ನಿಮಿಷ ಕಳೆದನೆಂದರೆ ಅದು ಲಾಭವೋ, ಸಿಗದೆ ಪರದಾಡಿದ್ದೋ? ರಂಗನಾಥನ್ ಅವರನ್ನು ಕೇಳಿದ್ದರೆ ನಿಮಿಷಗಳು ಕಡಿಮೆಯಾದ ಹಾಗೆಲ್ಲ ಅಂಕ ಹೆಚ್ಚು ಕೊಡುತ್ತಿದ್ದರು. ಸರ್ನ್‌ನ ಫೋನ್ ಪುಸ್ತಕ ಗೆದ್ದದ್ದು ಜನರನ್ನು ಹಿಡಿದಿಟ್ಟುಕೊಂಡಿದ್ದರಿಂದಲ್ಲ, ಬೇಗ ಕಳಿಸಿಕೊಟ್ಟದ್ದರಿಂದ. ಇನ್ನು, ನೌಕರರ ಬ್ರೌಸರ್ ತೆರೆದ ಕೂಡಲೇ ಪೋರ್ಟಲ್‌ನ ಮುಖಪುಟವೇ ಮೂಡುವಂತೆ ಸೆಟ್ ಮಾಡಿಟ್ಟು ಭೇಟಿಗಳ ಲೆಕ್ಕ ಏರಿಸಿಕೊಳ್ಳುವ ಜಾಣತನದ ಬಗ್ಗೆ ಹೆಚ್ಚು ಹೇಳುವುದು ಬೇಡ.

ಹಾಗಾದರೆ ಜನ ಬಳಸದೆ ಇರುವುದೇಕೆ? ಇದಕ್ಕೆ ನಾನು ಓದಿದ ಉತ್ತರಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು ಪೋರ್ಟಲ್ ಎಂಬ ಪದ ಈ ಅರ್ಥದಲ್ಲಿ ಹುಟ್ಟುವ ಮೊದಲಿನದು. ವಾಂಡಾ ಓರ್ಲಿಕೋವ್‌ಸ್ಕಿ ಎಂಬ ವಿದ್ವಾಂಸೆ 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ದೊಡ್ಡ ಕನ್ಸಲ್ಟಿಂಗ್ ಕಂಪನಿ ಲೋಟಸ್ ನೋಟ್ಸ್ ಎಂಬ ತಂತ್ರಾಂಶವನ್ನು ಕೊಂಡು ತನ್ನ ಸಾವಿರಾರು ನೌಕರರಿಗೆ ಹಂಚಲು ಹೊರಟಿತ್ತು. ಒಂದು ಕಚೇರಿಯಲ್ಲಿ ಕಲಿತದ್ದು ಇನ್ನೊಂದು ಕಚೇರಿಗೆ ಸಿಗಬೇಕು, ಎಲ್ಲರೂ ತಮ್ಮ ಅನುಭವವನ್ನು ಬರೆದಿಡಬೇಕು ಎಂಬುದು ಆಸೆ. ಮೊದಲು ಎಲ್ಲರ ಕೈಗೂ ತಲುಪಲಿ, ಬಳಕೆ ತಾನಾಗಿ ಬರುತ್ತದೆ ಎಂದು ಮೇಲಿನವರು ನಂಬಿದ್ದರು. ಬರಲಿಲ್ಲ. ಹಲವರಿಗೆ ಅದು ಏನೆಂದೇ ತಿಳಿದಿರಲಿಲ್ಲ. ಇನ್ನೊಂದು ಇಮೇಲ್ ಇರಬೇಕು ಎಂದುಕೊಂಡರು. ಆದರೆ ಆಳದ ಕಾರಣ ಬೇರೆ. ಕನ್ಸಲ್ಟೆಂಟನ ಪ್ರತಿ ಗಂಟೆಯೂ ಯಾವುದಾದರೂ ಗಿರಾಕಿಯ ಬಿಲ್ಲಿಗೆ ಸೇರಬೇಕು. ನೋಟ್ಸ್ ಕಲಿಯುವ ಗಂಟೆಯನ್ನು ಯಾರ ಬಿಲ್ಲಿಗೆ ಬರೆಯುವುದು? ಅದಕ್ಕಿಂತ ದೊಡ್ಡದು ಬಡ್ತಿ. ಮೇಲೇರು, ಇಲ್ಲವೇ ಹೊರಡು ಎಂಬ ಪದ್ಧತಿಯ ಆ ಕಂಪನಿಯಲ್ಲಿ ಪಕ್ಕದ ಮೇಜಿನವನು ಸಹೋದ್ಯೋಗಿಗಿಂತ ಹೆಚ್ಚಾಗಿ ಸ್ಪರ್ಧಿ. ನನ್ನನ್ನು ಅವನಿಗಿಂತ ಮೇಲಿಡುವುದು ನನಗೆ ಗೊತ್ತಿರುವ ನಾಲ್ಕು ವಿಷಯ. ಅದನ್ನು ಎಲ್ಲರೂ ನೋಡುವಲ್ಲಿ ಹಾಕು ಎಂದರೆ? ಬಡ್ತಿಯ ಚಿಂತೆ ಕಳೆದಿದ್ದ ಅತಿ ಹಿರಿಯರು ಮಾತ್ರ ಹಂಚಿಕೊಳ್ಳುವುದಕ್ಕೆ ಹೆಚ್ಚು ತಯಾರಿದ್ದರು ಎಂದು ಓರ್ಲಿಕೋವ್‌ಸ್ಕಿ ಗುರುತಿಸುತ್ತಾರೆ. ಎಷ್ಟು ಜನ ಲಾಗಿನ್ ಆದರು ಎಂಬ ಪಟ್ಟಿಯಿಂದ ಇದರಲ್ಲಿ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅವರು ಜನರ ಜೊತೆ ಕೂತು ಮಾತಾಡಿದ್ದರಿಂದ ತಿಳಿಯಿತು.

ಅದಕ್ಕೆ ಎದುರಾದ ಕಥೆ ಜೆರಾಕ್ಸ್ ಕಂಪನಿಯದು. ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞ ನಕಲು ಯಂತ್ರ ರಿಪೇರಿ ಮಾಡುವ ತಂತ್ರಜ್ಞರ ಹಿಂದೆ ಓಡಾಡಿ, ಅವರು ಊಟದ ಮೇಜಿನಲ್ಲಿ ಹೇಳಿಕೊಳ್ಳುವ ಕಥೆಗಳನ್ನು ಕೇಳಿಸಿಕೊಂಡ. ಯಂತ್ರದ ಕೈಪಿಡಿಯಲ್ಲಿ ಇಲ್ಲದ ವಿದ್ಯೆಯೆಲ್ಲ ಆ ಕಥೆಗಳಲ್ಲಿತ್ತು. ಆ ವಿದ್ಯೆಯನ್ನು ಎಲ್ಲರಿಗೂ ಸಿಗುವಂತೆ ಮಾಡಲು 1990ರ ದಶಕದಲ್ಲಿ ಯುರೇಕಾ ಎಂಬ ವ್ಯವಸ್ಥೆ ಹುಟ್ಟಿತು. ಅದು ಮೊದಲು ಬೇರು ಬಿಟ್ಟದ್ದು ಫ್ರಾನ್ಸಿನಲ್ಲಿ. ಉಪಾಯವನ್ನು ಬರೆದುಕೊಟ್ಟವರಿಗೆ ದುಡ್ಡು ಕೊಡೋಣವೇ ಎಂಬ ಪ್ರಶ್ನೆ ಬಂದಾಗ ಬೇಡ ಎಂಬ ತೀರ್ಮಾನವಾಯಿತು. ದುಡ್ಡು ಕೊಟ್ಟರೆ ಜನ ಎಷ್ಟು ಬರೆದೆ ಎಂದು ಎಣಿಸುತ್ತಾರೆ, ಏನು ಬರೆದೆ ಎಂದು ನೋಡುವುದಿಲ್ಲ ಎಂಬ ಅಳುಕು. ಬದಲಿಗೆ, ಕಳಿಸಿದ ಉಪಾಯವನ್ನು ಅನುಭವಸ್ಥ ತಂತ್ರಜ್ಞರು ಪರೀಕ್ಷಿಸಿ ಸರಿಯಿದ್ದರೆ ಮಾತ್ರ ಸೇರಿಸುವುದು, ಸೇರಿಸಿದಾಗ ಬರೆದವನ ಹೆಸರು ಹಾಕುವುದು ಎಂದಾಯಿತು. ಹೆಸರು! ತಮ್ಮ ಬರಹ ಅಚ್ಚಾದಾಗ ಮೊದಲು ಹೆಸರಿನ ಸಾಲನ್ನು ಹುಡುಕುವ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ದುಡ್ಡು ಕೊಟ್ಟರೆ ಏನಾಗುತ್ತದೆ ಎಂಬ ಪ್ರಯೋಗ ಬೆಂಗಳೂರಿನಲ್ಲಿ ನಡೆಯಿತು. ಇನ್ಫೋಸಿಸ್ 1990ರ ದಶಕದಿಂದಲೇ ತನ್ನ ಇಂಜಿನಿಯರುಗಳ ಅನುಭವವನ್ನು ಬರೆಸಿಡುವ ಪ್ರಯತ್ನದಲ್ಲಿತ್ತು. ಯೋಜನೆ ಮುಗಿಸಿದ ತಂಡ ಚದುರಿಹೋಗುತ್ತದೆ, ಕೆಲವರು ಕಂಪನಿಯನ್ನೇ ಬಿಡುತ್ತಾರೆ, ಕಲಿತದ್ದು ಹೋಗುತ್ತದೆ. ಸರ್ನ್‌ನ ಅದೇ ಸಮಸ್ಯೆ. ‘ಕೆ-ಶಾಪ್’ ಎಂಬ ಪೋರ್ಟಲ್ ಬಂತು. ಆದರೆ ಗಡಿಬಿಡಿಯ ನಡುವೆ ಬರೆಯುವವರು ಯಾರು? ಅದಕ್ಕಾಗಿ 2001ರ ಸುಮಾರಿಗೆ ‘ನಾಲೆಡ್ಜ್ ಕರೆನ್ಸಿ ಯುನಿಟ್’ ಎಂಬ ಅಂಕಗಳ ಪದ್ಧತಿ ಜಾರಿಗೆ ಬಂತು. ಬರೆದವರಿಗೆ ಅಂಕ, ಪರಿಶೀಲಿಸಿದವರಿಗೆ ಅಂಕ, ಓದಿದವರು ಕೊಟ್ಟ ಮೌಲ್ಯಕ್ಕೂ ಅಂಕ. ಅಂಕ ಒಟ್ಟಾದರೆ ಅದನ್ನು ನಗದು ಅಥವಾ ಉಡುಗೊರೆಯಾಗಿ ಪಡೆಯಬಹುದು. ಮುಂದಿನದನ್ನು ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ 2005ರಲ್ಲಿ ಎಂಐಎಸ್ ಕ್ವಾರ್ಟರ್ಲಿ ಪತ್ರಿಕೆಯಲ್ಲಿ ಸವಿವರವಾಗಿ ದಾಖಲಿಸಿದ್ದಾರೆ.

ಬರಹಗಳು ಹರಿದು ಬಂದವು. ಪಟ್ಟಿಯಲ್ಲಿ ನೋಡಿದರೆ ಯೋಜನೆ ಗೆದ್ದಿತ್ತು. ಪರಿಶೀಲಿಸುವವರು ತಮ್ಮ ದಿನದ ಕೆಲಸದ ನಡುವೆ ಇದನ್ನು ಮಾಡುತ್ತಿದ್ದವರು. ಅವರ ಮೇಜಿನ ಮೇಲೆ ರಾಶಿ ಬಿತ್ತು. ರಾಶಿ ಬಿದ್ದಾಗ ಪರಿಶೀಲನೆ ಸಡಿಲಾಗದೆ ಇರುವುದಿಲ್ಲ. ಅಂಕಕ್ಕಾಗಿ ಬರೆದ ಸಪ್ಪೆ ಬರಹಗಳು ಒಳಗೆ ನುಸುಳಿದವು. ಒಳ್ಳೆಯದೂ ಕೆಟ್ಟದೂ ಒಂದೇ ರಾಶಿಯಲ್ಲಿ ಸೇರಿದಾಗ ಹುಡುಕುವವರಿಗೆ ಕಷ್ಟವಾಯಿತು. ನಿಜವಾಗಿ ತಿಳಿದವರು ಅಂಕದ ಆಟವನ್ನು ಕಂಡು ಬೇಸರಪಟ್ಟುಕೊಂಡರು. ಹಂಚಿಕೊಳ್ಳಲೆಂದು ತಂದ ಬಹುಮಾನವೇ ಹಂಚಿಕೊಂಡದ್ದರ ಬೆಲೆಯನ್ನು ಇಳಿಸಿತು. ಇನ್ಫೋಸಿಸ್‌ನ ಆ ತಂಡದ ಬಗ್ಗೆ ನನಗೆ ಗೌರವ ಬರುವುದು ಇಲ್ಲಿ: ಏರುತ್ತಿರುವ ಸಂಖ್ಯೆಯನ್ನು ತೋರಿಸಿಕೊಂಡು ಸುಮ್ಮನಿರಬಹುದಿತ್ತು. ಅವರು 2002ರಲ್ಲಿ ಪದ್ಧತಿಯನ್ನೇ ಬದಲಿಸಿದರು. ಬರೆದದ್ದಕ್ಕೆ ಸಿಗುವ ಅಂಕವನ್ನು ತಗ್ಗಿಸಿದರು, ಓದಿದವರಿಗೆ ಉಪಯೋಗವಾಯಿತೇ ಎಂಬುದಕ್ಕೆ ಹೆಚ್ಚು ತೂಕ ಕೊಟ್ಟರು, ದುಡ್ಡಿನ ನಂಟನ್ನು ಬಿಡಿಸಿ ಮನ್ನಣೆಯ ಕಡೆಗೆ ವಾಲಿಸಿದರು.

ಅಳತೆಯೇ ಗುರಿಯಾದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ಮಾತನ್ನು ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿ ಹೇಳುತ್ತಾರೆ. ಅವನು 1975ರಲ್ಲಿ ಹೇಳಿದ್ದು ಹಣದ ಹರಿವಿನ ಬಗ್ಗೆ. ಈಗ ಎಲ್ಲರ ಬಾಯಲ್ಲಿರುವ ರೂಪವನ್ನು 1997ರಲ್ಲಿ ಕೊಟ್ಟವಳು ಮರಿಲಿನ್ ಸ್ಟ್ರಾಥರ್ನ್ ಎಂಬ ಮಾನವಶಾಸ್ತ್ರಜ್ಞೆ, ಅದೂ ಬ್ರಿಟನ್ನಿನ ವಿಶ್ವವಿದ್ಯಾಲಯಗಳನ್ನು ಅಳೆಯುವ ಪದ್ಧತಿಗಳ ಕುರಿತು ಬರೆಯುತ್ತ. 2010ರಲ್ಲಿ ಯುಜಿಸಿ ತಂದ ಎಪಿಐ ಅಂಕಗಳ ಕಾಲದಲ್ಲಿ ರಾತ್ರೋರಾತ್ರಿ ಹುಟ್ಟಿಕೊಂಡ ಸಂಶೋಧನಾ ಪತ್ರಿಕೆಗಳನ್ನು ಕಂಡವರಿಗೆ, ಕೆ-ಶಾಪ್‌ನ ಕಥೆ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸದೆ ಇರದು.

ಬಳಕೆ ಹೆಚ್ಚಿಸಲು ಇನ್ನೊಂದು ದಾರಿ ಉಂಟು: ಹಳೆಯ ಬಾಗಿಲನ್ನು ಮುಚ್ಚಿಬಿಡುವುದು. ಕಂಪನಿಯ ಉದಾಹರಣೆಗಿಂತ ನಮ್ಮದೇ ಸರ್ಕಾರದ ‘ಭೂಮಿ’ ಇದನ್ನು ಚೆನ್ನಾಗಿ ತೋರಿಸುತ್ತದೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 2001ರ ಹೊತ್ತಿಗೆ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಕೊಡತೊಡಗಿದಾಗ, ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲವೆಂದಾಯಿತು. ರೈತ ಕೇಂದ್ರಕ್ಕೆ ಹೋಗಲೇಬೇಕು. ಹೀಗಿರುವಾಗ ಬಂದವರ ಸಂಖ್ಯೆ ಮೆಚ್ಚಿಗೆಯ ಅಳತೆಯಾಗುವುದಿಲ್ಲ. ಬೇರೆ ದಾರಿ ಇಲ್ಲ ಎಂಬುದರ ಅಳತೆ ಅದು. ಹಾಗೆಂದು ಭೂಮಿಯಲ್ಲಿ ಬಲವಂತ ಮಾತ್ರ ಇತ್ತೆಂದರೆ ಅನ್ಯಾಯವಾದೀತು. ಗುಮಾಸ್ತರ ಎದುರಿನ ಪರದೆಯ ಜೊತೆಗೆ ರೈತನ ಕಡೆಗೆ ತಿರುಗಿದ ಇನ್ನೊಂದು ಪರದೆಯನ್ನು ಇಟ್ಟಿದ್ದರು, ತನ್ನ ಜಮೀನಿನ ಲೆಕ್ಕದಲ್ಲಿ ಏನು ನಡೆಯುತ್ತಿದೆ ಎಂದು ಅವನೂ ನೋಡಲಿ ಎಂದು. ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದನ್ನು ಬಿಟ್ಟು ಹಿಂದಿನದನ್ನು ಎತ್ತಿಕೊಳ್ಳಲು ಯಂತ್ರ ಬಿಡುತ್ತಿರಲಿಲ್ಲ. ಆದರೆ ಒಟ್ಟು ಸಂಖ್ಯೆಯೊಳಗೆ ಯಾರಿದ್ದಾರೆ ಎಂಬ ಪ್ರಶ್ನೆಯನ್ನು ಸೊಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರಲ್ಲಿ ಎತ್ತಿದರು. ದಾಖಲೆಗಳು ಒಂದೆಡೆ ಸುಲಭವಾಗಿ ಸಿಗುವಂತಾದಾಗ ಬೆಂಗಳೂರಿನ ಸುತ್ತಮುತ್ತ ಅದರ ಲಾಭ ದೊಡ್ಡ ಭೂ ವ್ಯವಹಾರಸ್ಥರಿಗೆ ಹೆಚ್ಚು ಸಿಕ್ಕಿತು ಎಂಬುದು ಅವರ ವಾದ. ವಾದವನ್ನು ಪೂರ್ತಿ ಒಪ್ಪದವರೂ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಳಸಿದವರು ಇಷ್ಟು ಲಕ್ಷ ಎಂದ ಮೇಲೆ, ಯಾರು, ಯಾತಕ್ಕೆ ಎಂದು ಕೇಳಲೇಬೇಕು.

ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು ಇದನ್ನೆಲ್ಲ ನಾನು ಹೇಳುತ್ತಿದ್ದಾಗ ಮಧ್ಯದಲ್ಲೇ ತಡೆದಳು. “ಚರಿತ್ರೆ ಆಮೇಲೆ ಹೇಳು ಮಾರಾಯ. ಆರು ತಿಂಗಳಲ್ಲಿ ನಮ್ಮ ಪೋರ್ಟಲ್ ಬಳಕೆ ಹೆಚ್ಚಿಸೋ ಪ್ಲಾನ್ ಕೊಡು ಅಂತ ನನ್ನ ತಲೆಗೆ ಕಟ್ಟಿದಾರೆ. ಏನು ಬರೀಲಿ?” ನನ್ನ ಹತ್ತಿರ ಇದ್ದದ್ದು ಚರಿತ್ರೆಯೇ. ಲಾಗ್‌ನಲ್ಲಿ ಸಿಕ್ಕ ಪುಟಗಳನ್ನು ಬಿಟ್ಟು ಸಿಗದೆ ಹೋದ ಪುಟಗಳನ್ನು ಮೊದಲು ಓದು ಎಂದೆ. 404 ಎಂಬ ಅಂಕಿ ಬಿದ್ದ ಸಾಲುಗಳು, ಹುಡುಕಿ ಒಂದೂ ಉತ್ತರ ಬಾರದ ಪದಗಳು. ಜನ ಏನನ್ನು ಬಯಸಿ ಬಂದಿದ್ದರು, ಯಾವ ಪದದಲ್ಲಿ ಕೇಳಿದರು ಎಂಬುದು ಅಲ್ಲಿ ಅವರದೇ ಮಾತಿನಲ್ಲಿರುತ್ತದೆ. ಹೆಸರುಗಳನ್ನು ಮಾತ್ರ ಆ ಪಟ್ಟಿಯಿಂದ ಮೊದಲೇ ತೆಗೆಸಿಬಿಡು. ಯಾರು ಎಷ್ಟು ಸಲ ಬಂದರು ಎಂಬ ಪಟ್ಟಿ ಮ್ಯಾನೇಜರ್ ಕೈಗೆ ಹೋಗುತ್ತದೆಂದು ಗೊತ್ತಾದ ದಿನದಿಂದ ಜನ ಹಾಜರಿ ಹಾಕುವುದಕ್ಕಷ್ಟೇ ಬರುತ್ತಾರೆ.

ಆಮೇಲೆ ಸರ್ನ್‌ನ ಆ ಕಿಟಕಿಯ ಬಗ್ಗೆ ಕೇಳಿದೆ. ನಿಮ್ಮಲ್ಲಿ ಜನ ಇಡೀ ದಿನ ತೆರೆದಿಟ್ಟುಕೊಂಡಿರುವುದು ಯಾವುದು? ಅವಳು ಯೋಚಿಸಲೂ ಇಲ್ಲ. “ವಾಟ್ಸಾಪ್ ಗ್ರೂಪು. ಕ್ಯಾಬ್ ಎಷ್ಟೊತ್ತಿಗೆ, ಮೆಡಿಕಲ್ ಬಿಲ್ ಯಾರಿಗೆ ಕೊಡಬೇಕು, ಹೊಸಬರಿಗೆ ಐಡಿ ಕಾರ್ಡ್ ಎಲ್ಲಿ. ದಿನಾ ಅದೇ ನಾಲ್ಕು ಪ್ರಶ್ನೆ, ದಿನಾ ಯಾರೋ ಒಬ್ಬರು ಪಾಪ ಉತ್ತರ ಹೇಳ್ತಾರೆ.” ಉತ್ತರ ಹೇಳುವ ಆ ಒಬ್ಬರು ಯಾರು ಎಂದು ಕೇಳಿದೆ. ಅಡ್ಮಿನ್ ವಿಭಾಗದಲ್ಲಿ ಹದಿನೈದು ವರ್ಷದಿಂದ ಇರುವ ಒಬ್ಬ ಮೇಡಂ, ಮುಂದಿನ ವರ್ಷ ರಿಟೈರ್ ಆಗ್ತಾರೆ ಎಂದಳು.

ಅವಳ ಪ್ಲಾನಿನಲ್ಲಿ ಈಗ ಮೊದಲ ಸಾಲು ಆ ಮೇಡಂ ಜೊತೆ ಎರಡು ದಿನ ಕೂತು ಬರೆದುಕೊಳ್ಳುವುದು, ಪುಟದ ಕೆಳಗೆ ಅವರ ಹೆಸರು ಹಾಕುವುದು. ಅಳತೆಯ ಕಾಲಂನಲ್ಲಿ ಭೇಟಿಗಳ ಸಂಖ್ಯೆಯ ಬದಲು, ಆ ನಾಲ್ಕು ಪ್ರಶ್ನೆಗಳು ಗ್ರೂಪಿನಲ್ಲಿ ವಾರಕ್ಕೆ ಎಷ್ಟು ಸಲ ಬರುತ್ತವೆ ಎಂದು ಬರೆದಿದ್ದಾಳೆ. ಆ ಸಂಖ್ಯೆ ಇಳಿಯಬೇಕು. ಮೇಲಿನವರು ಇದನ್ನು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಏರುವ ಗೆರೆಯ ಚಿತ್ರವೊಂದು ಬೇಕು ಎಂದು ಈಗಾಗಲೇ ಕೇಳಿದ್ದಾರಂತೆ.